ಮಾತು ಕೇಳಿಸುವ ಪೆಟ್ಟಿಗೆ

ಕೊಟ್ರೇಶ್ ಮೈಕಿನ ತಂತಿಯನ್ನು ಕಿಟಕಿಯ ಸರಳಿಗೆ ಎರಡು ಸುತ್ತು ಸುತ್ತಿ, ಮೈಕಿಗೆ ಫೂ ಫೂ ಎಂದು ಊದಿ ನೋಡಿದ. ಅಂಗಳದ ಎರಡು ಮೂಲೆಯಲ್ಲಿ ನಿಲ್ಲಿಸಿದ್ದ ಆಳೆತ್ತರದ ಕರಿ ಸ್ಪೀಕರ್‌ಗಳು ಗುಮ್ಮೆಂದವು. ಶಾಮಿಯಾನದ ಬಟ್ಟೆ ಅದುರಿತು. ಭಜನೆಯವರಲ್ಲಿ ಹಿರಿಯನೊಬ್ಬ ತಾಳ ಕೈಗೆತ್ತಿಕೊಂಡು ಪದ ಶುರುಮಾಡಿದ. ದನಿಯೇನೋ ಓಣಿಯ ಕೊನೆವರೆಗೆ ಹೋಯಿತು. ಯಾವ ಪದವೆಂದು ಮಾತ್ರ ಎದುರಿಗೆ ಕೂತವರಿಗೂ ತಿಳಿಯಲಿಲ್ಲ.

ಸ್ನೇಹಾ ಒಳಗಿನಿಂದ ಎದ್ದು ಬಂದಳು. ಅವಳ ತಾಯಿ ಅನ್ನಪೂರ್ಣಮ್ಮನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಕೈತುಂಬ ಬಳೆ, ಹಣೆಯಲ್ಲಿ ವಿಭೂತಿ, ಅದರ ನಡುವೆ ಕುಂಕುಮ, ಅಂಗೈಯಲ್ಲಿ ಲಿಂಗ. ಹಿಂದಿನ ದಿನ ಸಂಜೆ ಚಹಾ ಕುಡಿದು ಲೋಟ ಕೆಳಗಿಟ್ಟವಳು ಮತ್ತೆ ಮೇಲೇಳಲಿಲ್ಲ. ಅರವತ್ತೊಂಬತ್ತು ವರ್ಷ. "ಮುತ್ತೈದೆಯಾಗಿ ಹೋದ್ಲು, ಪುಣ್ಯವಂತೆ," ಎಂದು ಬೆಳಗಿನಿಂದ ಹತ್ತು ಜನ ಹೇಳಿಯಾಗಿತ್ತು.

"ಕೊಟ್ರೇಶಣ್ಣ, ಇದನ್ನ ಬಂದ್ ಮಾಡ್ರಿ," ಎಂದಳು ಸ್ನೇಹಾ.

"ಯಾಕಕ್ಕ? ಸೌಂಡ್ ಕಮ್ಮಿ ಮಾಡ್ಲಾ?"

"ಕಮ್ಮಿ ಮಾಡಿದ್ರೂ ಅಷ್ಟೇ. ಅವ್ವನ ಮುಂದೆ ಈ ಗುಂಯ್ ಅನ್ನೋದು ಬ್ಯಾಡ. ಒಳಗೆ ಕೋಣೆಯಾಗೆ ಸಣ್ಣ ಬಾಕ್ಸ್ ಅದಾವೆ. ಎರಡು ತಂದು ಹಾಕ್ರಿ."

ದಾವಣಗೆರೆಯಲ್ಲಿ ಕೊಟ್ರೇಶನದು ಮೈಕ್ ಸೆಟ್ಟಿನ ಕೆಲಸ. ಇಪ್ಪತ್ತು ವರ್ಷದಿಂದ ಅವನು ಮಂಡಿಪೇಟೆಯಲ್ಲಿರುವ ಸ್ನೇಹಾಳ ತಂದೆಯ ಅಂಗಡಿಯಲ್ಲೇ ಸಣ್ಣ ಬಾಕ್ಸ್‌ಗಳನ್ನು ಕೊಳ್ಳುತ್ತಿದ್ದ. ಸುದ್ದಿ ಕೇಳಿದವನೇ ಗೌರವಕ್ಕೆಂದು ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸ್ಪೀಕರ್‌ಗಳನ್ನು ಗಾಡಿಗೆ ಹಾಕಿಕೊಂಡು ಹರಿಹರಕ್ಕೆ ಬಂದಿದ್ದ.

"ಅಪ್ಪಾರ ಬಾಕ್ಸ್ ಮನಿಯಾಗೇ ಇದ್ರೆ ಇನ್ನೇನು ಬೇಕಕ್ಕ? ದಾವಣಗೆರಿಯಾಗೆ ಅಂಥಾ ಕಿವಿ ಇನ್ನೊಬ್ರಿಗಿಲ್ಲ," ಎಂದ.

ಸ್ನೇಹಾ ತಂದೆಯ ಕಡೆ ನೋಡಿದಳು. ಶಿವಮೂರ್ತಪ್ಪ ಹೆಂಡತಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಫೋಟೊ ತೆಗೆಸಿಕೊಳ್ಳಲು ಕೂತವನಂತೆ ಕೂತಿದ್ದ. ಎಪ್ಪತ್ತಾರು ವರ್ಷದ ಮುಖದಲ್ಲಿ ಅಳುವೂ ಇರಲಿಲ್ಲ.

"ಅಪ್ಪನ ಬಾಕ್ಸ್," ಎಂದು ಸ್ನೇಹಾ ತನ್ನಷ್ಟಕ್ಕೆ ಗೊಣಗಿದಳು.

ಅದು ಕೇಳಿಸಿದ್ದು ಜಮಾಲುದ್ದೀನನಿಗೆ. ಓಣಿಯ ಕೊನೆಯ ಮನೆಯ ಬಡಗಿ. ಅವನೂ ಅವನ ಹೆಂಡತಿ ಮುಮ್ತಾಜಳೂ ಬೆಳಕು ಹರಿಯುವ ಮೊದಲೇ ಬಂದಿದ್ದರು. ಹೆಣ ಹೊರುವ ವಿಮಾನಕ್ಕೆ ಬಿದಿರು ಕಟ್ಟಿ, ಕೂರಿಸುವ ಹಲಗೆಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ಎದ್ದ.

"ಬಾ ಮಗಳೇ. ನಾನು ಎತ್ಕೊಡ್ತೀನಿ."

ಕೋಣೆಯಲ್ಲಿ ಗೋಡೆಗುಂಟ ಆರು ಬಾಕ್ಸ್ ಇದ್ದವು. ಒಂದೊಂದು ಮೊಳದುದ್ದ, ಗೇಣಗಲ. ನಾಲ್ಕು ಮುಗಿದಿದ್ದವು. ಎರಡಕ್ಕೆ ಹಿಂದಿನ ಹಲಗೆ ಇನ್ನೂ ಹಾಕಿರಲಿಲ್ಲ. ಜಮಾಲುದ್ದೀನ್ ಮುಗಿದ ಎರಡನ್ನು ಎತ್ತಿಕೊಂಡ. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಶುಕ್ರವಾರ ಸಿಕ್ಕಾಗ ಇವನ್ನ ಮುಗಿಸ್ತೀನಿ ಅಂದಿದ್ಲು ನಿಮ್ಮವ್ವ," ಎಂದ. ಸ್ನೇಹಾ ತಲೆಯಾಡಿಸಿದಳು.

*

ಆಗ ಸ್ನೇಹಾ ಇನ್ನೂ ಹುಟ್ಟಿರಲಿಲ್ಲ. ಶಿವಮೂರ್ತಪ್ಪ ಮಂಡಿಪೇಟೆಯ ಸಂದಿಯೊಂದರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹತ್ತಿದರೆ ವಾಪಸ್ ಬರುವುದು ದೀಪ ಹಚ್ಚುವ ಹೊತ್ತಿಗೆ. ಟೇಪ್ ರೆಕಾರ್ಡರಿನ ಕಾಲ ಅದು. ಸಣ್ಣ ಸ್ಪೀಕರ್ ತರಿಸಿ, ಜಮಾಲುದ್ದೀನನ ಕೈಯಲ್ಲಿ ಪ್ಲೈವುಡ್ಡಿನ ಡಬ್ಬಿ ಮಾಡಿಸಿ, ಒಳಗೆ ಕೂರಿಸಿ ಮಾರಬೇಕೆಂದು ಅವನ ಯೋಚನೆ. ಮೊದಲನೆಯ ಡಬ್ಬಿಯನ್ನು ಮನೆಯ ರೇಡಿಯೊಗೇ ಸಿಕ್ಕಿಸಿದ, ತಾಯಿಗೆ ಕೇಳಲೆಂದು.

ತಾಯಿ ಉಡಚಮ್ಮನಿಗೆ ಕಿವಿ ಮಂದವಾಗುತ್ತ ಬಂದಿತ್ತು. ಭಾನುವಳ್ಳಿಯಲ್ಲಿ ನಿಂತು ಗದ್ದೆ ಮಾಡಿಸಿದ ಹೆಂಗಸು, ಊರ ಜಗಳಗಳನ್ನು ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದವಳು, ಈಗ ಮಗನ ಮನೆಯ ಮೂಲೆಯಲ್ಲಿ ಎಲ್ಲರ ಬಾಯನ್ನೇ ನೋಡುತ್ತ ಕೂರುತ್ತಿದ್ದಳು. ಸೊಸೆಯ ತುಟಿ ಅಲುಗಿದರೆ ಸಾಕು, ತನ್ನನ್ನೇ ಆಡಿಕೊಂಡಳೆಂದು ಲೆಕ್ಕ. "ಏನ್ ಗೊಣಗ್ತೀಯ? ನನ್ನ ಮುಂದೆ ಹೇಳು," ಎನ್ನುವಳು. ಅನ್ನಪೂರ್ಣಮ್ಮ ಗಟ್ಟಿಯಾಗಿ ಹೇಳಿದರೆ, ಸಂಜೆ ಮಗನಿಗೆ ದೂರು: "ನಿನ್ ಹೆಂಡ್ತಿ ನನ್ ಮ್ಯಾಲೆ ಕೂಗಾಡ್ತಾಳೆ."

ರೇಡಿಯೊದ ಹೊಸ ಡಬ್ಬಿಯೂ ಅವಳಿಗೆ ಸಮಾಧಾನ ತರಲಿಲ್ಲ. ಶಿವಮೂರ್ತಪ್ಪ ದನಿ ಹೆಚ್ಚಿಸಿದ. ಇನ್ನೂ ಹೆಚ್ಚಿಸಿದ.

"ದನಿ ಬರ್ತೈತೆ ಕಣಪ್ಪ, ಮಾತು ತಿಳಿಯಲ್ಲ. ಕೊಡದಾಗೆ ಬಾಯಿಟ್ಟು ಮಾತಾಡ್ದಂಗೆ ಐತೆ."

"ನಿನ್ ಕಿವಿದೇ ತೊಂದ್ರೆ, ಡಬ್ಬಿದಲ್ಲ," ಎಂದು ಅವನು ಕೈಬಿಟ್ಟ.

ಒಂದು ಮಧ್ಯಾಹ್ನ ಅನ್ನಪೂರ್ಣಮ್ಮ ಕಪಾಟು ಒರೆಸುತ್ತ ಡಬ್ಬಿಯ ಪಕ್ಕಕ್ಕೆ ಕೈಯಿಟ್ಟಳು. ರೇಡಿಯೊದಲ್ಲಿ ಯಾರೋ ರೈತರಿಗೆ ಏನೋ ಹೇಳುತ್ತಿದ್ದರು. ಹಲಗೆ ಅಂಗೈಯಲ್ಲಿ ಜುಮುಜುಮು ಎಂದಿತು. ಅವಳಿಗೆ ಆಶ್ಚರ್ಯ. ಎರಡೂ ಪಕ್ಕಕ್ಕೆ ಕೈಕೊಟ್ಟು ಡಬ್ಬಿಯನ್ನು ಗಟ್ಟಿಯಾಗಿ ಅದುಮಿ ಹಿಡಿದಳು.

ಮೂಲೆಯಲ್ಲಿದ್ದ ಉಡಚಮ್ಮ ತಲೆಯೆತ್ತಿದಳು. "ಈಗ ಏನ್ ಮಾಡ್ದೆ?"

ಅನ್ನಪೂರ್ಣಮ್ಮ ಕೈ ಬಿಟ್ಟಳು.

"ಬಿಡಬ್ಯಾಡ. ಹಿಡ್ಕ. ಹಂಗೇ ಹಿಡ್ಕ."

ಕಾರ್ಯಕ್ರಮ ಮುಗಿಯುವ ತನಕ ಅವಳು ಡಬ್ಬಿ ಹಿಡಿದು ನಿಂತಳು. ಆಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು ಜಮಾಲುದ್ದೀನನ ಕೊಟ್ಟಿಗೆಗೆ ಹೋದಳು.

"ಜಮಾಲಣ್ಣ, ಇದ್ರಾಗೆ ಸ್ಪೀಕರ್ ಒಂದೇ ಮಾತಾಡಲ್ಲ. ಹಲಗೀನೂ ಮಾತಾಡ್ತೈತೆ. ಹಲಗಿ ಬಾಯಿ ಮುಚ್ಚಿಸ್ಬೇಕು."

ಜಮಾಲುದ್ದೀನ್ ನಕ್ಕ. "ಹಲಗಿ ಬಾಯಿ ಹೆಂಗೆ ಮುಚ್ಚಿಸ್ತೀರಿ ತಂಗ್ಯವ್ವ?"

"ತೆಳ್ಳಗೈತೆ, ಅದಕ್ಕೆ ನಡುಗ್ತೈತೆ. ಎರಡು ಮಗ್ಗುಲ ನಡುವೆ ಒಳಗೆ ಒಂದು ಅಡ್ಡಪಟ್ಟಿ ಕೊಡ್ರಿ. ನಾನು ಕೈಯಾಗೆ ಹಿಡ್ದಂಗೆ ಅದು ಹಿಡ್ಕಳ್ಳಿ."

ಅವನು ಅಡ್ಡಪಟ್ಟಿ ಅಂಟಿಸಿಕೊಟ್ಟ. ಅರ್ಧ ಗೆದ್ದಂತಾಯಿತು. ಹಲಗೆ ಸುಮ್ಮನಾಯಿತು, ಆದರೆ ದನಿ ಇನ್ನೂ ಬಾವಿಯಿಂದ ಬಂದಂತಿತ್ತು. ಸ್ಪೀಕರಿನ ಹಿಂಭಾಗದಿಂದ ಹೊರಟ ದನಿ ಖಾಲಿ ಡಬ್ಬಿಯೊಳಗೆ ಅತ್ತಿಂದಿತ್ತ ಬಡಿದಾಡಿ, ಮುಂದಿನ ಮಾತಿನ ಮೇಲೆ ಬಂದು ಬೀಳುತ್ತಿದೆ ಎಂದು ಅವಳಿಗೆ ಹೊಳೆಯಲು ಮೂರು ದಿನ ಬೇಕಾಯಿತು. ಹೊಳೆದದ್ದು ಪಕ್ಕದ ಮನೆಯವಳು ಕಟ್ಟಿಸುತ್ತಿದ್ದ ಹೊಸ ಮನೆಯ ಖಾಲಿ ಕೋಣೆಯಲ್ಲಿ ನಿಂತು ಅವಳ ಜೊತೆ ಮಾತಾಡುವಾಗ. ಸಾಮಾನು ತುಂಬಿದ ಕೋಣೆಯಲ್ಲಿ ಮಾತು ಹಾಗೆ ಮೊಳಗುವುದಿಲ್ಲವಲ್ಲ!

ಹರಿದ ಕಂಬಳಿಯ ತುಂಡನ್ನು ಒಳಗಿನ ಹಲಗೆಗಳಿಗೆ ಹಚ್ಚಿದಳು. ಹಳೇ ಗಾದಿಯ ಹತ್ತಿ ಬಿಡಿಸಿ ತುಂಬಿದಳು. ಅತಿಯಾಯಿತು. "ಈಗ ಕೌದಿ ಹೊದ್ಕಂಡು ಮಾತಾಡ್ತಾನೆ," ಎಂದಳು ಉಡಚಮ್ಮ. ಹಿಡಿ ಹಿಡಿಯಾಗಿ ತೆಗೆದಳು. ಮತ್ತೆ ಒಂದು ಹಿಡಿ ಹಾಕಿದಳು. ಉಸಿರಾಡುವಷ್ಟು ಸಡಿಲವಾಗಿ, ಜಾರಿ ಕೆಳಗೆ ಬೀಳದಷ್ಟು ಬಿಗಿಯಾಗಿ. ಹಿಂದಿನ ಹಲಗೆಯ ಸಂದಿಯಲ್ಲಿ ಗಾಳಿ ಹೊರಡದಂತೆ ಮೇಣ ಬಳಿದಳು. ಪ್ರತಿ ಸಲವೂ ಅತ್ತೆಯ ಮುಂದೆ ಇಟ್ಟು, ಅವಳ ಮುಖ ನೋಡುತ್ತ ಕೂರುವಳು. ಅತ್ತೆ ಸೊಸೆ ಜಗಳವಿಲ್ಲದೆ ಇಷ್ಟು ಹೊತ್ತು ಎದುರುಬದುರು ಕೂತದ್ದು ಅದೇ ಮೊದಲು.

ಹನ್ನೊಂದನೆಯ ದಿನ ಉಡಚಮ್ಮ ಕೂತಲ್ಲಿಂದ ಎದ್ದೇಬಿಟ್ಟಳು.

"ಸೋಮವಾರ ನಾಲೆಗೆ ನೀರು ಬಿಡ್ತಾರಂತೆ! ಭಾನುವಳ್ಳಿಗೆ ಹೇಳಿಕಳ್ಸು, ಸಸಿ ಮಡಿ ರೆಡಿ ಮಾಡ್ಕಳ್ಳಿ!"

ಅವಳು ಮತ್ತೆ ಕೂತು, ಸೊಸೆಯನ್ನು ಕೇಳಿದಳು: "ನೀನು ಗೊಣಗ್ತಿರ್ಲಿಲ್ಲ, ಅಲ್ಲ?"

"ಇಲ್ಲ ಅತ್ತೆ."

"ನನಗೆ ಎಲ್ಲಾರ ಮಾತೂ ಹಂಗೇ ಕೇಳ್ತಿತ್ತು ಕಣವ್ವ."

ಮರುದಿನದಿಂದ ಅವಳು ಮೂಲೆ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರತೊಡಗಿದಳು.

*

ಸಣ್ಣ ಬಾಕ್ಸ್‌ಗಳನ್ನು ಎರಡು ಸ್ಟೂಲಿನ ಮೇಲಿಟ್ಟರು. ಭಜನೆಯ ಹಿರಿಯ ಮತ್ತೆ ಬಾಯ್ತೆರೆದ. ಈ ಸಲ ದನಿ ದೊಡ್ಡದಾಗಿ ಬರಲಿಲ್ಲ; ಪದದ ಒಂದೊಂದು ಅಕ್ಷರ ಬಂತು. ಶಾಮಿಯಾನದ ಆಚೆ ತುದಿಯಲ್ಲಿ ಭತ್ತದ ರೇಟಿನ ಬಗ್ಗೆ ಮಾತಾಡುತ್ತಿದ್ದ ಗಂಡಸರು ಸುಮ್ಮನಾದರು. ಕಿವಿಗೆ ಕೈಯಾನಿಸಿದ್ದ ವಯಸ್ಸಾದ ಹೆಂಗಸೊಬ್ಬಳು ಕೈ ತೆಗೆದಳು.

"ಎಂಥಾ ಬಾಕ್ಸ್ ಮಾಡೀರಿ ಶಿವಮೂರ್ತಪ್ಪಾರೇ," ಎಂದು ಪಕ್ಕದಲ್ಲಿದ್ದವರೊಬ್ಬರು ಪಿಸುಗುಟ್ಟಿದರು.

ಎರಡು ಪದ ಮುಗಿದ ಮೇಲೆ ಕೊಟ್ರೇಶ್ ಮೈಕ್ ಹಿಡಿದ. ಮೈಕ್ ಸೆಟ್ಟಿನವರ ಸಂಘದ ಪರವಾಗಿ ನಾಲ್ಕು ಮಾತು ಹೇಳಬೇಕಿತ್ತು. "ಅನ್ನಪೂರ್ಣಮ್ಮಾರು ಸಂಸಾರವಂದಿಗರು. ಹೊತ್ತಿಗೆ ಸರಿಯಾಗಿ ಊಟ ತಿಂಡಿ ನೋಡ್ಕಂಡು ಯಜಮಾನರಿಗೆ ಬೆನ್ನೆಲುಬಾಗಿದ್ರು. ಅದರಿಂದಾನೇ ನಮ್ಮ ಶಿವಮೂರ್ತಪ್ಪಾರು ಇಂಥಾ ಸಾಧನೆ ಮಾಡೋಕಾತು. ಅವರ ಕಿವಿ ಅಂದ್ರೆ..."

ಸ್ನೇಹಾಳಿಗೆ ಮೈ ಉರಿಯಿತು.

*

ಒಂಬತ್ತು ವರ್ಷದ ಹಿಂದೆ ದಾವಣಗೆರೆಯ ಕಲ್ಯಾಣಮಂಟಪವೊಂದರಲ್ಲಿ ಅವಳು ಇಂಥದೇ ಮಾತು ಕೇಳಿದ್ದಳು. ಅಂಗಡಿಕಾರರ ಒಂದು ಸಂಘ ಶಿವಮೂರ್ತಪ್ಪನಿಗೆ 'ಧ್ವನಿರತ್ನ' ಎಂದು ಶಾಲು ಹೊದಿಸಿತು. ಮೂರನೆಯ ಸಾಲಿನಲ್ಲಿ ಸ್ನೇಹಾ, ಪಕ್ಕದಲ್ಲಿ ಅವ್ವ. ಹಣ್ಣಿನ ಬುಟ್ಟಿ ಕೈಯಲ್ಲಿ ಹಿಡಿದು ಶಿವಮೂರ್ತಪ್ಪ ಎಲ್ಲರಿಗೂ ಧನ್ಯವಾದ ಹೇಳಿದ. ಕೊನೆಗೆ, "ನನ್ನ ಹೆಂಡ್ತೀನೂ ಹೊತ್ತೊತ್ತಿಗೆ ಚಹಾ ಕೊಟ್ಟು ಸಹಕರಿಸ್ಯಾಳೆ," ಎಂದ. ಜನ ನಕ್ಕರು.

ಹರಿಹರಕ್ಕೆ ಬಂದು ಚಪ್ಪಲಿ ಬಿಟ್ಟವಳೇ ಅನ್ನಪೂರ್ಣಮ್ಮ ಹತ್ತಿಯ ಚೀಲ ತಂದು ಗಂಡನ ಮುಂದಿಟ್ಟಳು.

"ಧ್ವನಿರತ್ನರು ನೀವು. ಇನ್ಮ್ಯಾಲೆ ನೀವೇ ಮಾಡ್ರಿ."

ಎರಡು ತಿಂಗಳು ಅವಳು ಬಾಕ್ಸ್ ಮುಟ್ಟಲಿಲ್ಲ. ಶಿವಮೂರ್ತಪ್ಪ ತಾನೇ ತುಂಬಿದ. ಗಿರಾಕಿಗಳು ವಾಪಸ್ ತಂದರು. ಒಂದು ಉಸಿರು ಕಟ್ಟಿದಂತೆ ಕೇಳುತ್ತದೆ, ಇನ್ನೊಂದು ತಗಡು ಬಡಿದಂತೆ. ಜಮಾಲುದ್ದೀನನನ್ನು ಕೇಳಿದರೆ, "ನಾನು ಬಡಗಿ ಅಣ್ಣಾರೆ. ಒಳಗಿನ ಕೆಲ್ಸ ನಂದಲ್ಲ. ಯಾರದ್ದು ಅಂತ ನಿಮಗೆ ಗೊತ್ತು," ಎಂದು ಮರ ಹೆರೆಯುವ ರಂದ ತಳ್ಳುತ್ತ ಹೋದ.

ಸ್ನೇಹಾ ಮಲೆಬೆನ್ನೂರಿನ ಹೈಸ್ಕೂಲಿನಲ್ಲಿ ಮೇಡಂ. ದಸರಾ ರಜೆಗೆ ಬಂದಾಗ ಅವಳು ಕಂಡಳು: ಒಂದು ಬೆಳಿಗ್ಗೆ ಅಪ್ಪ ಖಾಲಿ ಬಾಕ್ಸೊಂದನ್ನು ಅವ್ವನ ಮುಂದೆ ತಂದಿಟ್ಟ. ಅವ್ವ ಅವನ ಮುಖ ನೋಡಿದಳು.

"ಕೂಡ್ರಿ ಇಲ್ಲಿ. ನಾನು ಹೆಂಗೆ ಮಾಡ್ತೀನಿ ಒಂದು ಸಲ ನೋಡ್ರಿ. ಅಷ್ಟು ಮಾಡ್ರಿ ಸಾಕು."

"ಬಸ್ಸಿಗೆ ಹೊತ್ತಾತು. ನಾಳೆ ನೋಡ್ತೀನಿ."

ಅವನು ಹೋದ. ಅವ್ವ ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ಬಾಕ್ಸನ್ನು ತೊಡೆಯ ಮೇಲೆಳೆದುಕೊಂಡಳು.

"ಯಾಕ ಮಾಡ್ತೀಯವ್ವ? ಬಿಟ್ಟುಬಿಡು," ಎಂದಳು ಸ್ನೇಹಾ ಸಿಟ್ಟಿನಿಂದ.

"ನಿಮ್ಮಪ್ಪಗೋಸ್ಕರ ಅಲ್ಲ ಕಣೆ. ಇದು ನಂಗೆ ಬರ್ತೈತೆ. ಬರೋದನ್ನ ಬಿಟ್ಟು ಕೂರೋದು ಹೆಂಗೆ?"

ಅಂದಿನಿಂದ ಸ್ನೇಹಾ ತಂದೆಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು.

*

ಸ್ನೇಹಾ ಎದ್ದು ಕೊಟ್ರೇಶನ ಕೈಯಿಂದ ಮೈಕ್ ಕಸಿಯುವವಳೇ ಇದ್ದಳು. ಅಷ್ಟರಲ್ಲಿ ಶಿವಮೂರ್ತಪ್ಪ ಕುರ್ಚಿಯ ತೋಳು ಹಿಡಿದು ಮೇಲೆದ್ದ.

"ಕೊಡಪ್ಪ ಇಲ್ಲಿ."

ಕೊಟ್ರೇಶ್ ಕೊಟ್ಟ. ಎಲ್ಲರಿಗೂ ಒಂದು ನಮಸ್ಕಾರ ಹೇಳಲು ಎದ್ದಿದ್ದಾನೆ ಎಂದು ಜನ ತಿಳಿದರು. ಶಿವಮೂರ್ತಪ್ಪ ಉಗುಳು ನುಂಗಿದ. ನುಂಗಿದ್ದೂ ಶಾಮಿಯಾನಕ್ಕೆಲ್ಲ ಕೇಳಿಸಿತು.

"ಕೊಟ್ರೇಶ ಹೇಳಿದ್ದು ತಪ್ಪು," ಎಂದ. "ತಪ್ಪು ಅವನದಲ್ಲ, ನಂದು. ಈ ಬಾಕ್ಸ್ ಮಾಡಿದ್ದು ನಾನಲ್ಲ. ಇವೆರಡೇ ಅಲ್ಲ, ಯಾವುದೂ ನಾನು ಮಾಡಿದ್ದಲ್ಲ. ಮರದ ಕೆಲ್ಸ ಜಮಾಲುದು. ಒಳಗಿಂದು..."

ನಿಲ್ಲಿಸಿದ. ಹೆಂಡತಿಯ ಕಡೆ ತಿರುಗಿದ.

"ಒಳಗಿಂದು ಪೂರಾ ಇವಳದು. ಮೊದ್ಲನೇ ಗಿರಾಕಿ ಯಾರು ಮಾಡಿದ್ದು ಅಂತ ಕೇಳ್ದಾಗ ನಾನೇ ಅಂದೆ. ಹೆಂಗಸು ಮಾಡಿದ್ದು ಅಂದ್ರೆ ತಗಳ್ಳಲ್ಲ ಅಂತ ಅವತ್ತು ಅನ್ಸಿತ್ತು, ಅದು ಖರೆ. ಆಮ್ಯಾಲೆ ಹಂಗೇನೂ ಇರ್ಲಿಲ್ಲ. ಆದ್ರೂ ಹೇಳ್ಲಿಲ್ಲ. ರೂಢಿ ಆಗಿತ್ತು. ಹೊಗಳಿಕೆ ರುಚಿ ಹತ್ತಿತ್ತು. ಶಾಲೂ ಹೊದ್ಕಂಡೆ. ಒಂದು ಸಲ ನೋಡ್ರಿ ಅಂದ್ಲು. ನಾಳೆ ಅಂದೆ. ಒಂಬತ್ತು ವರ್ಷ ಆತು."

ದನಿ ಒಡೆಯಿತು. ಮೊದಲಿನ ದೊಡ್ಡ ಸ್ಪೀಕರ್ ಆಗಿದ್ದರೆ ಆ ಬಿರುಕು ಗುಂಯ್ ಎನ್ನುವುದರಲ್ಲಿ ಮುಚ್ಚಿಹೋಗುತ್ತಿತ್ತು. ಇದರಲ್ಲಿ ಮುಚ್ಚಲಿಲ್ಲ. ಮುದುಕನ ಒಂದೊಂದು ಉಸಿರೂ ಕಡೆಯ ಸಾಲಿನವರೆಗೆ ಹೋಯಿತು.

"ಈಗ ಹೇಳಿದ್ರೆ ಇವ್ಳಿಗೆ ಕೇಳಲ್ಲ, ಗೊತ್ತು. ನಿಮಗಾದ್ರೂ ಕೇಳ್ಲಿ ಅಂತ ಹೇಳ್ದೆ."

ಮೈಕ್ ಕೆಳಗಿಳಿಸಿದ. ಗಂಡಸರು ನೆಲ ನೋಡಿದರು.

ಮೊದಲು ಬಾಯಿಬಿಟ್ಟವಳು ಮುಮ್ತಾಜ್. ಹೆಣದ ಕಾಲ ಬಳಿ ಕೂತಿದ್ದವಳು ಸೆರಗಿನಿಂದ ಮೂಗೊರೆಸಿಕೊಂಡು, "ನಮ್ಗೆ ಗೊತ್ತಿತ್ತು ಅಣ್ಣಾರೆ," ಎಂದಳು. "ಈ ಓಣಿ ಹಳೇ ಕಂಬಳಿ ಎಲ್ಲಾ ಎಲ್ಲಿ ಹೋದ್ವು ಅನ್ಕಂಡ್ರಿ? ನಮ್ಮನೀದೇ ನಾಕು ಕೊಟ್ಟೀನಿ."

"ನಮ್ಮನಿ ಗಾದಿ ಪೂರಾ ಹೋಗೈತೆ," ಎಂದಳು ಹಿಂದಿನಿಂದ ಒಬ್ಬಳು.

"ನಮ್ಮ ಯಜಮಾನ್ರು ಹೊದ್ಕಂಡಿದ್ದನ್ನೇ ಎಳ್ಕಂಡು ಬಂದಿದ್ಲು ಪುಣ್ಯಾತ್ಗಿತ್ತಿ."

ಹೆಂಗಸರ ನಡುವೆ ನಗು ಎದ್ದಿತು. ಅಳುವುದರ ಜೊತೆಗೇ ಎದ್ದ ನಗು, ತಡೆಯಲು ಹೋದಷ್ಟೂ ಹೆಚ್ಚಾಯಿತು. ಬೆಳಗಿನಿಂದ ಕಲ್ಲಿನಂತೆ ಕೂತಿದ್ದ ಶಿವಮೂರ್ತಪ್ಪ ಅವರನ್ನು ಬೆಪ್ಪಾಗಿ ನೋಡಿದ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು.

"ಓಣಿಗೆಲ್ಲಾ ಗೊತ್ತಿತ್ತು," ಎಂದಳು ಮುಮ್ತಾಜ್ ಮೆತ್ತಗೆ. "ನೀವು ಹೇಳೋದೊಂದು ಬಾಕಿ ಇತ್ತು."

ಕೊಟ್ರೇಶ್ ಚಪ್ಪಲಿ ಬಿಟ್ಟು ಪಡಸಾಲೆ ಹತ್ತಿ ಅನ್ನಪೂರ್ಣಮ್ಮನ ಪಾದ ಮುಟ್ಟಿದ. "ಗೊತ್ತಿರ್ಲಿಲ್ಲ ತಾಯಿ," ಎಂದ. ಸ್ನೇಹಾ ಒಂದು ಚೊಂಬು ನೀರು ತಂದು ತಂದೆಗೆ ಕೊಟ್ಟಳು. ಒಂಬತ್ತು ವರ್ಷದ ಸಿಟ್ಟು ಒಂದೇ ಗಳಿಗೆಗೆ ಇಳಿಯಲಿಲ್ಲ. ಆದರೂ ಅವನು ಕುಡಿದು ಮುಗಿಸುವ ತನಕ ಅವನ ಮೊಣಕೈ ಹಿಡಿದು ನಿಂತಳು.

ಮಧ್ಯಾಹ್ನ ವಿಮಾನ ಎತ್ತಿದರು. ಮುಂದಿನ ಬಿದಿರಿಗೆ ಜಮಾಲುದ್ದೀನ್ ಹೆಗಲು ಕೊಟ್ಟ. ಎಪ್ಪತ್ತು ದಾಟಿದವನು, ಬೇರೆಯವರು ಬದಲಾಯಿಸಲು ಬಂದರೂ ಬಿಡಲಿಲ್ಲ. ರುದ್ರಭೂಮಿಯಲ್ಲಿ ಜಂಗಮರು ಮಂತ್ರ ಹೇಳಿ, ಅವಳನ್ನು ಕುಣಿಯ ಗೂಡಿನಲ್ಲಿ ಕೂರಿಸಿ, ವಿಭೂತಿ ಬಿಲ್ವಪತ್ರೆ ಸುರಿದರು. ಶಿವಮೂರ್ತಪ್ಪ ಹಿಡಿ ಮಣ್ಣು ಹಾಕಿದ. ಸ್ನೇಹಾ ಹಾಕಿದಳು. ಸರದಿ ಕಾಯುತ್ತ ನಿಂತಿದ್ದ ಜಮಾಲುದ್ದೀನನನ್ನು ಜಂಗಮರೇ ಕರೆದರು: "ನೀವೂ ಬರ್ರಿ."

*

ಬಿಸಿಲು ಇಳಿಯುವ ಹೊತ್ತಿಗೆ ನೆಂಟರು ಒಬ್ಬೊಬ್ಬರಾಗಿ ಹೊರಟಿದ್ದರು. ಕೊಟ್ರೇಶ್ ತಂತಿ ಸುತ್ತಿ ಗಾಡಿಗೆ ಹಾಕಿ, ಹೊಸ್ತಿಲ ಬಳಿ ಬಂದು ನಿಂತ.

"ಅಪ್ಪಾರೆ, ಇಂಥಾ ದಿನ ಕೇಳಬಾರ್ದು. ದಾವಣಗೆರಿ ವೃದ್ಧಾಶ್ರಮದೋರು ಆರು ಬಾಕ್ಸ್ ಹೇಳಿದ್ರಲ್ಲ. ಬೇರೆ ಕಡೆ ತಗಳ್ರಿ ಅಂತ ನಾನೇ ಹೇಳ್ಬಿಡ್ಲಾ?"

ಶಿವಮೂರ್ತಪ್ಪ ಮಗಳ ಕಡೆ ತಿರುಗಿದ. "ನಿಂಗೆ ಬರ್ತೈತಾ?"

"ರಜಕ್ಕೆ ಬಂದಾಗೆಲ್ಲ ಕೂರಿಸ್ಕಂಡು ತೋರಿಸ್ತಿದ್ಲು. ನಾನಾಗೇ ಮಾಡಿಲ್ಲ."

"ನಂಗೆ ಹೇಳ್ಕೊಡ್ತೀಯಾ?"

ಸ್ನೇಹಾ ಎದ್ದು ಕೋಣೆಗೆ ಹೋದಳು. ಶಿವಮೂರ್ತಪ್ಪ ಬಾಗಿಲನ್ನೇ ನೋಡುತ್ತ ಕೂತ. ಅವಳು ಹಿಂದಿನ ಹಲಗೆಯಿಲ್ಲದ ಬಾಕ್ಸೊಂದನ್ನು ಎತ್ತಿಕೊಂಡು ಬಂದು ಅವನ ಮುಂದೆ ಚಾಪೆಯ ಮೇಲಿಟ್ಟಳು.

"ಇವತ್ತೇ ಯಾಕ? ಮೂರು ದಿನ ಹೋಗ್ಲಿ," ಎಂದಳು ಒಳಗೆ ಉಳಿದುಕೊಂಡಿದ್ದ ಅವಳ ದೊಡ್ಡಮ್ಮ.

"ಲಿಂಗ ಕಟ್ಕಂಡೋರಿಗೆ ಸೂತಕ ಇಲ್ಲಲ್ಲ ದೊಡ್ಡವ್ವ."

ಶಿವಮೂರ್ತಪ್ಪ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತು, ಕನ್ನಡಕ ಸರಿಮಾಡಿಕೊಂಡು ಒಳಗೆ ಬಗ್ಗಿದ. ಕೈ ಮೊಣಕೈವರೆಗೆ ಒಳಗೆ ಹೋಯಿತು. ಅಡ್ಡಪಟ್ಟಿ ಸಿಕ್ಕಿತು. ಅದರ ಹಿಂದೆ ಕಂಬಳಿ, ಕಂಬಳಿಯ ಮೇಲೆ ಹತ್ತಿ ಜಾರದಂತೆ ಹೊಲಿದ ಬಲೆಬಟ್ಟೆ. ಬೆರಳು ಹೊಲಿಗೆಯ ಗುಂಟ ಹೋಗಿ, ಅರ್ಧದಲ್ಲಿ ಏನೋ ಚುಚ್ಚಿ ನಿಂತಿತು. ಸೂಜಿ, ದಾರದ ಸಮೇತ.

"ಅಲ್ಲಿಂದ ಮುಂದಕ್ಕೆ," ಎಂದಳು ಸ್ನೇಹಾ. "ಕಂಬಳಿಗೆ ಚುಚ್ಚಿ ಎಳೀರಿ. ಬಿಗಿ ಬ್ಯಾಡ."

ಅವನು ಚುಚ್ಚಿ ಎಳೆದ. ಸಾಲುಸಾಲಾಗಿ ಬಂದ ಸಣ್ಣ ಹೊಲಿಗೆಗಳ ಪಕ್ಕದಲ್ಲಿ ಇದು ಅಡ್ಡಾದಿಡ್ಡಿ, ಹೆಬ್ಬೆರಳುದ್ದ ಬಿತ್ತು. ಸ್ನೇಹಾ ಬಿಚ್ಚಲೆಂದು ಕೈ ಚಾಚಿದವಳು ಹಿಂದೆಗೆದುಕೊಂಡಳು.

"ಇನ್ನೊಂದು ಹಾಕ್ರಿ ಅಪ್ಪಾಜಿ. ಸ್ವಲ್ಪ ಹತ್ರ."

ಬಾಗಿಲಿನಿಂದ ಬೀಳುತ್ತಿದ್ದ ಬೆಳಕಿಗೆ ಬಾಕ್ಸನ್ನು ತಿರುಗಿಸಿಕೊಂಡು ಅವನು ಮತ್ತೆ ತಲೆ ಬಗ್ಗಿಸಿದ.